ಹಳೆ ಆಟಕ್ಕೆ ಹೊಸ ಕಂಪ್ಯೂಟರ್ ಯಾಕೆ?



ಗೇಮಿಂಗ್ ಕಂಪ್ಯೂಟರ್ ತಗೋಬೇಕು ಅನ್ನೋ ಮಾತು ಈಗ ನಮ್ಮ ತರಗತಿಯಲ್ಲಿ ನೆಗಡಿ ಹರಡಿದ ಹಾಗೆ ಹರಡಿದೆ. ಎಷ್ಟಾಗುತ್ತೆ ಅಂತ ಕೇಳಿದರೆ ಅರವತ್ತು ಸಾವಿರ, ಎಪ್ಪತ್ತು ಸಾವಿರ ಅಂತಾರೆ. ಸರಿ ಕಣೋ, ಯಾವ ಆಟ ಆಡ್ತೀಯ ಅಂತ ಕೇಳಿದರೆ ಬರುವ ಉತ್ತರ ನೋಡಿ: ಮಾರಿಯೋ, ಕಾಂಟ್ರಾ, ಟೆಕ್ಕನ್ 3, ಗಾಡ್ ಆಫ್ ವಾರ್ ಮೊದಲನೇ ಭಾಗ. ಸೂಪರ್ ಮಾರಿಯೋ ಬ್ರದರ್ಸ್ ಬಂದದ್ದು 1985ರಲ್ಲಿ. ಟೆಕ್ಕನ್ 3 ಪ್ಲೇಸ್ಟೇಷನ್‌ಗೆ ಬಂದದ್ದು 1998ರಲ್ಲಿ. ಗಾಡ್ ಆಫ್ ವಾರ್ ಬಂದದ್ದು 2005ರಲ್ಲಿ. ಒಂದೂ ನಾವು ಹುಟ್ಟಿದ ಮೇಲೆ ಬಂದದ್ದಲ್ಲ!

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಆಟಗಳಿಗಾಗಿ ಹೊಸ ಗೇಮಿಂಗ್ ಕಂಪ್ಯೂಟರ್ ಕೊಳ್ಳುವುದು ಒಂದು ಹೊರೆ ಸೊಪ್ಪು ತರೋಕೆ ಲಾರಿ ಕೊಂಡ ಹಾಗೆ. ಬೆಂಗಳೂರಿನ ಯಾವುದೋ ಆಫೀಸಿನಲ್ಲಿ ನಾಲ್ಕೈದು ವರ್ಷ ದುಡಿದು ಹೊರಗೆ ಬಂದ ಹಳೆ ಕಂಪ್ಯೂಟರ್ ಸಾಕು. ಉಳಿದ ದುಡ್ಡಿನಲ್ಲಿ ಸ್ವಲ್ಪವನ್ನು ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗೂ ಒಂದು ಯುಪಿಎಸ್‌ಗೂ ಹಾಕಿ. ಇನ್ನೂ ಉಳಿದದ್ದು ಮನೆಯಲ್ಲೇ ಇರಲಿ.

ಇದನ್ನು ಇಷ್ಟು ಜೋರಾಗಿ ಹೇಳೋದಕ್ಕೆ ಕಾರಣ ಇದೆ. ನಮ್ಮೂರಲ್ಲಿ ಮುಕ್ಕಾಲು ಪಾಲು ಮನೆಗೆ ರೇಷ್ಮೆ ಹುಳುವೇ ಆಧಾರ. ಮೊಟ್ಟೆಯಿಂದ ಗೂಡಿನವರೆಗೆ ಹತ್ತಿರ ಹತ್ತಿರ ಒಂದು ತಿಂಗಳು. ನಾಲ್ಕನೇ ಜ್ವರ ಎದ್ದ ಮೇಲೆ ಅಪ್ಪ ಅಮ್ಮ ನಿದ್ದೆ ಮಾಡಿದ್ದನ್ನು ನಾವ್ಯಾರೂ ನೋಡಿಲ್ಲ. ಹಣ್ಣಾದ ಹುಳು ಚಂದ್ರಿಕೆ ಹತ್ತಿದ ಮೇಲೂ ಧೈರ್ಯ ಇಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಸೋಮವಾರದ ಬೆಲೆ ಬುಧವಾರ ಇರಲ್ಲ. ಕಂತಿನಲ್ಲಿ ಕಂಪ್ಯೂಟರ್ ತಂದರೆ ಆ ಕಂತು ಮಾತ್ರ ಬೆಳೆ ಕೈಕೊಟ್ಟಿತು ಅಂತ ನಿಲ್ಲೋದಿಲ್ಲ, ತಿಂಗಳು ತಿಂಗಳು ಅದೇ ತಾರೀಖಿಗೆ ಬಾಗಿಲಿಗೆ ಬರುತ್ತೆ. ಆದ್ದರಿಂದ ಮನೆಯಲ್ಲಿ ಬಾಯಿ ಬಿಡುವ ಮೊದಲು ಲೆಕ್ಕ ಹಾಕೋಣ.

ಎಮ್ಯುಲೇಟರ್ ಅಂದ್ರೆ ಏನು ಅಂತ ಎಂಟನೇ ತರಗತಿಯವರು ಕೇಳಿದ್ದರು. ಊರಿಗೆ ಹಗಲುವೇಷದವರು ಬರ್ತಿದ್ದರು ಅಂತ ಅಜ್ಜಿ ಹೇಳ್ತಾರಲ್ಲ, ಅದೇ. ಒಬ್ಬನೇ ಮನುಷ್ಯ ಇವತ್ತು ಭೀಮ, ನಾಳೆ ರಾವಣ. ಎಮ್ಯುಲೇಟರ್ ಎಂಬ ತಂತ್ರಾಂಶ ಹಾಕಿದರೆ ನಮ್ಮ ಕಂಪ್ಯೂಟರ್ ಇವತ್ತು 1983ರ ನಿಂಟೆಂಡೊ ಯಂತ್ರದ ವೇಷ ಹಾಕುತ್ತೆ, ನಾಳೆ ಪ್ಲೇಸ್ಟೇಷನ್‌ ವೇಷ. ಆಟಕ್ಕೆ ತಾನು ಹಳೆ ಯಂತ್ರದೊಳಗೇ ಇದ್ದೇನೆ ಅನ್ನೋ ಭ್ರಮೆ. ಆದರೆ ಒಂದು ವಿಷಯ: ವೇಷ ಹಾಕಿದವನಿಗೆ ದಣಿವು ಜಾಸ್ತಿ. ಹಳೆ ಯಂತ್ರ ಒಂದು ಹೆಜ್ಜೆ ಇಟ್ಟಲ್ಲಿ ನಮ್ಮದು ಹತ್ತಾರು ಹೆಜ್ಜೆ ಇಡಬೇಕು. ಅದಕ್ಕೇ ಯಾವ ಯಂತ್ರದ ವೇಷ ಬೇಕು ಅನ್ನೋದು ಮೊದಲ ಪ್ರಶ್ನೆ, ಯಾವ ಕಂಪ್ಯೂಟರ್ ಅನ್ನೋದು ಆಮೇಲಿನ ಪ್ರಶ್ನೆ. ಅಂಗಡಿಯವರು ಇದನ್ನು ತಿರುಗಾ ಮುರುಗಾ ಮಾಡುತ್ತಾರೆ.

ಸ್ವಲ್ಪ ಅಂಕಿ ನೋಡೋಣ, ಗಣಿತದ ಮೇಷ್ಟ್ರಿಗೂ ಖುಷಿಯಾಗಲಿ. ಜಪಾನಿನಲ್ಲಿ 1983ರಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಂ ಯಂತ್ರದ ಪ್ರೊಸೆಸರ್ ವೇಗ 1.79 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ ಸುಮಾರು 18 ಲಕ್ಷ ಬಡಿತ. ಅದರ ಕೆಲಸದ ಮೆಮೊರಿ ಬರೀ 2 ಕಿಲೋಬೈಟ್. ಮಾರಿಯೋ ಆಟ ಪೂರ್ತಿ 40 ಕಿಲೋಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ 3 ಮೆಗಾಬೈಟ್ ಇದೆ ಅಂತ ಇಟ್ಟುಕೊಂಡರೆ ಆ ಒಂದು ಫೋಟೋ ಜಾಗದಲ್ಲಿ ಎಪ್ಪತ್ತಾರು ಮಾರಿಯೋ ಕೂರುತ್ತಾನೆ! 1994ರ ಪ್ಲೇಸ್ಟೇಷನ್‌ಗೆ 33.8 ಮೆಗಾಹರ್ಟ್ಸ್ ವೇಗ, 2 ಮೆಗಾಬೈಟ್ ಮೆಮೊರಿ. 2000ದ ಪ್ಲೇಸ್ಟೇಷನ್ 2ಕ್ಕೆ ಸುಮಾರು 295 ಮೆಗಾಹರ್ಟ್ಸ್, 32 ಮೆಗಾಬೈಟ್. ಈಗ ಆಫೀಸಿನಿಂದ ಹೊರಬೀಳುವ 2015ರ ಇಂಟೆಲ್ ಕೋರ್ ಐ5-6500 ಪ್ರೊಸೆಸರ್ ತಗೊಳ್ಳಿ. ಅದರ ವೇಗ 3200 ಮೆಗಾಹರ್ಟ್ಸ್, ಅಂಥ ಕೋರ್‌ಗಳು ನಾಲ್ಕು. ಬೇರೆ ಬೇರೆ ಕಾಲದ ಪ್ರೊಸೆಸರ್‌ಗಳನ್ನು ಬರೀ ಮೆಗಾಹರ್ಟ್ಸ್‌ನಲ್ಲಿ ಹೋಲಿಸೋದು ಪೂರ್ತಿ ಸರಿಯಲ್ಲ, ಹೊಸದು ಒಂದೊಂದು ಬಡಿತದಲ್ಲೂ ಜಾಸ್ತಿ ಕೆಲಸ ಮಾಡುತ್ತೆ. ಆದರೂ ಎಷ್ಟು ಅಂತರ ಅನ್ನೋದು ಗೊತ್ತಾಗುತ್ತಲ್ಲ.

ಹಳೆ ಟಿವಿ ಆಟ, ಗೇಮ್ ಬಾಯ್, ಮಾಲುಗಳಲ್ಲಿ ನಾಣ್ಯ ಹಾಕಿ ಆಡುವ ಹಳೇ ಆರ್ಕೇಡ್ ಆಟಗಳು, ಇವಕ್ಕೆ ಏನೂ ಕೊಳ್ಳಬೇಕಾಗಿಲ್ಲ. 1997ರಲ್ಲಿ ಬಂದ ನೆಸ್ಟಿಕಲ್ ಎಂಬ ಎಮ್ಯುಲೇಟರ್ ಆ ಕಾಲದ ಪೆಂಟಿಯಂ ಕಂಪ್ಯೂಟರಿನಲ್ಲೇ ಮಾರಿಯೋನನ್ನು ಓಡಿಸುತ್ತಿತ್ತು. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಧೂಳು ತಿನ್ನುತ್ತಿರುವ ಡಬ್ಬಗಳೂ ಓಡಿಸುತ್ತವೆ. ಪ್ಲೇಸ್ಟೇಷನ್ ಒಂದು, ಪಿಎಸ್‌ಪಿ, ಇವಕ್ಕೆ ನಾಲ್ಕನೇ ತಲೆಮಾರಿನ ಐ5 ಬೇಕಾದಷ್ಟಾಯಿತು. ಡಕ್‌ಸ್ಟೇಷನ್, ಪಿಪಿಎಸ್‌ಎಸ್‌ಪಿಪಿ ಎಂಬ ಎಮ್ಯುಲೇಟರ್‌ಗಳಿವೆ, ಎರಡೂ ಹಗುರ. ನಿಜವಾಗಿ ಯೋಚನೆ ಬೇಕಾಗಿರೋದು ಪ್ಲೇಸ್ಟೇಷನ್ 2, ಗೇಮ್‌ಕ್ಯೂಬ್, ವೀ ಯಂತ್ರಗಳಿಗೆ. ಪ್ಲೇಸ್ಟೇಷನ್ 2ಕ್ಕೆ ಪಿಸಿಎಸ್‌ಎಕ್ಸ್2, ಉಳಿದೆರಡಕ್ಕೆ ಡಾಲ್ಫಿನ್. ಇವಕ್ಕೆ ಆರನೇ ತಲೆಮಾರಿನ ಐ5, ಆದರೆ ಎಂಟನೆಯದು. ಚಿತ್ರ ನಿಧಾನವಾದರೆ ಜೊತೆಗೊಂದು ಚಿಕ್ಕ ಗ್ರಾಫಿಕ್ಸ್ ಕಾರ್ಡ್. ಒಂದು ಮುಖ್ಯವಾದ ಮಾತು: ಇಂಥ ಎಮ್ಯುಲೇಟರ್‌ಗಳು ಒಂದೆರಡು ಕೋರ್‌ಗಳ ಮೇಲೇ ಹೆಚ್ಚು ಭಾರ ಹಾಕುತ್ತವೆ. ಹತ್ತು ಹದಿನಾರು ಕೋರ್ ಇರೋ ಪ್ರೊಸೆಸರ್ ತಂದರೆ ಇಬ್ಬರು ನೇಗಿಲು ಹಿಡಿದು ಹದಿನಾಲ್ಕು ಜನ ಬದುವಿನ ಮೇಲೆ ಕೂತ ಹಾಗೆ.

ಪ್ಲೇಸ್ಟೇಷನ್ 3 ಬೇಕು ಅನ್ನೋರಿಗೆ ನನ್ನ ಸಲಹೆ ಒಂದೇ, ಬೇಡ. 2006ರ ಆ ಯಂತ್ರದ ಸೆಲ್ ಪ್ರೊಸೆಸರ್ ವಿಚಿತ್ರವಾದದ್ದು, ಅದರ ವೇಷ ಹಾಕೋಕೆ ನಿಜವಾಗಿಯೂ ದುಬಾರಿ ಕಂಪ್ಯೂಟರ್ ಬೇಕು. ನಿಂಟೆಂಡೊ ಸ್ವಿಚ್ ಕಥೆ ಇನ್ನೂ ಬೇರೆ. ಯುಜು ಎಂಬ ಎಮ್ಯುಲೇಟರ್ ಮಾಡಿದವರ ಮೇಲೆ ನಿಂಟೆಂಡೊ ಕಂಪನಿ ದಾವೆ ಹಾಕಿ, 2024ರ ಮಾರ್ಚಿನಲ್ಲಿ ಅವರು 24 ಲಕ್ಷ ಡಾಲರ್ ಕೊಡಲು ಒಪ್ಪಿ ಅಂಗಡಿ ಮುಚ್ಚಿದರು. ಸ್ವಿಚ್ ಆಟ ಈಗಲೂ ಮಾರಾಟದಲ್ಲಿರುವ ಮಾಲು. ಅದನ್ನು ಈ ಪಟ್ಟಿಗೆ ಸೇರಿಸಬೇಡಿ.

ಇನ್ನು ಎಲ್ಲಿ ಕೊಳ್ಳುವುದು. 2025ರಲ್ಲಿ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರು ಬಂತು, ಆದರೆ ನಿಜವಾದ ದಕ್ಷಿಣ ಬೆಂಗಳೂರಿಗೆ ಹೋಗೋಕೆ ಈಗಲೂ ಕನಕಪುರ ರಸ್ತೆ ಬಸ್ಸೇ ಗತಿ. ಸೋದರಮಾವನ ಮನೆ ಬನಶಂಕರಿಯಲ್ಲಿ. ರಜೆಯಲ್ಲಿ ಹೋದಾಗ ಮಾವನ ಮಗನಿಗೆ ಕಂಪ್ಯೂಟರ್ ನೋಡಬೇಕು ಅಂತ ನಾನೂ ಜೊತೆಗೆ ಸುತ್ತಿದೆ. ಜಯನಗರ ನಾಲ್ಕನೇ ಬ್ಲಾಕ್, ಜೆ.ಪಿ. ನಗರ, ಬಿಟಿಎಂ ಲೇಔಟ್, ಒಟ್ಟು ಮೂರು ದಿನ. (ಬಿಟಿಎಂ ಅಂದ್ರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಅಂತ ನನಗೆ ಆವತ್ತೇ ಗೊತ್ತಾಗಿದ್ದು. ಮೂರು ಹಳ್ಳಿ ಸೇರಿ ಮೂರು ಅಕ್ಷರ ಆಗಿವೆ.)

ಆ ಕಡೆಯ ಒಂದು ದೊಡ್ಡ ಅಂಗಡಿಯಲ್ಲಿ ನಾವು 'ಹಳೇ ಆಟ ಆಡೋಕೆ, ಓದೋಕೆ' ಅಂತಲೇ ಹೇಳಿದೆವು. ಅವರು ಬರೆದುಕೊಟ್ಟ ಚೀಟಿಯ ಮೊತ್ತ 68,000. ಅದರಲ್ಲಿ ಗಾಜಿನ ಬಾಗಿಲಿನ ಡಬ್ಬ, ಒಳಗೆ ಬಣ್ಣ ಬಣ್ಣದ ದೀಪದ ನಾಲ್ಕು ಫ್ಯಾನು, ದೀಪ ಇರೋ ಕೀಬೋರ್ಡು, ದೀಪ ಇರೋ ಮೌಸು, ಆ ಮೌಸ್ ಇಡೋ ಹಾಸಿಗೂ ದೀಪ. ಊರಹಬ್ಬಕ್ಕೆ ಸೀರಿಯಲ್ ಸೆಟ್ ಕಟ್ಟಿದ ಹಾಗಿತ್ತು. ಕಂಟ್ರೋಲರ್ ಮಾತ್ರ ಪಟ್ಟಿಯಲ್ಲೇ ಇರಲಿಲ್ಲ! ಆಟ ಆಡೋದು ಕೈಯಿಂದ, ಆ ಕೈಗೆ ಏನೂ ಇಲ್ಲ, ಗಾಜಿಗೆ ಮಾತ್ರ ನಾಲ್ಕು ಸಾವಿರ. ಮಾವ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು, 'ನೋಡ್ಕೊಂಡು ಬರ್ತೀವಿ ಕಣಪ್ಪ' ಅಂತ ಹೊರಗೆ ಬಂದರು.

ಕಂಪ್ಯೂಟರಿನ ನಿಜವಾದ ಸಂತೆ ಎಸ್.ಪಿ. ರೋಡು, ಸಾದರ ಪತ್ರಪ್ಪ ರಸ್ತೆ. ಅದು ದಕ್ಷಿಣದಲ್ಲಿಲ್ಲ, ಟೌನ್ ಹಾಲ್ ಹತ್ತಿರ. ಆದರೂ ಜಯನಗರದವರು ಬನಶಂಕರಿಯವರು ಹೋಗೋದು ಅಲ್ಲಿಗೇ. ನಮ್ಮ ಕಡೆಯಿಂದ ಹೋಗೋರಿಗೆ ಕನಕಪುರ ರಸ್ತೆಯಲ್ಲಿ ಮೆಟ್ರೋ ಶುರುವಾಗೋ ಮೊದಲ ನಿಲ್ದಾಣದ ಹೆಸರೇ ರೇಷ್ಮೆ ಸಂಸ್ಥೆ. ಹುಳು ಸಾಕೋರಿಗೆ ಸರಿಯಾಗೇ ಇದೆ. ಅಲ್ಲಿ ಹಸಿರು ಮಾರ್ಗದ ರೈಲು ಹತ್ತಿದರೆ ಬನಶಂಕರಿ, ಜಯನಗರ, ಲಾಲ್‌ಬಾಗ್ ದಾಟಿ ಕೆ.ಆರ್. ಮಾರುಕಟ್ಟೆ ಇಲ್ಲವೇ ಚಿಕ್ಕಪೇಟೆಯಲ್ಲಿ ಇಳಿದು ನಡೆದುಬಿಡಬಹುದು. ಭಾನುವಾರ ಬಹುತೇಕ ಅಂಗಡಿ ಮುಚ್ಚಿರುತ್ತವೆ, ಶನಿವಾರ ಹೋಗಿ.

ಆಫೀಸ್ ಕಂಪ್ಯೂಟರ್‌ಗಳು ಅಲ್ಲಿಗೆ ಬರೋದು ಹೇಗೆ ಗೊತ್ತಾ? ಎಲೆಕ್ಟ್ರಾನಿಕ್ ಸಿಟಿ, ಬನ್ನೇರುಘಟ್ಟ ರಸ್ತೆ, ಹೊರವರ್ತುಲ ರಸ್ತೆ, ಈ ಕಡೆಯ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಎಲ್ಲಾ ಯಂತ್ರಗಳನ್ನೂ ಒಟ್ಟಿಗೆ ಬದಲಾಯಿಸುತ್ತವೆ. ಕೆಟ್ಟಿದೆ ಅಂತಲ್ಲ, ಲೆಕ್ಕದ ಪುಸ್ತಕದಲ್ಲಿ ಅವಧಿ ಮುಗಿಯಿತು ಅಂತ. ಹಾಗೆ ಹೊರಬಿದ್ದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೋವೊ ಥಿಂಕ್‌ಸೆಂಟರ್ ಡಬ್ಬಗಳನ್ನು ಒರೆಸಿ, ಡಿಸ್ಕ್ ಬದಲಾಯಿಸಿ, ರಿಫರ್ಬಿಶ್ಡ್ ಅಂತ ಚೀಟಿ ಅಂಟಿಸಿ ಮಾರುತ್ತಾರೆ. ಹಗಲೆಲ್ಲ ಏಸಿ ಕೋಣೆಯಲ್ಲಿ ಲೆಕ್ಕ ಬರೆದುಕೊಂಡಿದ್ದ ಯಂತ್ರ, ಆಯಸ್ಸು ಇನ್ನೂ ಇದೆ. ನಾವು ಕಂಡದ್ದರಲ್ಲಿ ಆರನೇ ತಲೆಮಾರಿನ ಡಬ್ಬ, ಹಳೆ ಮಾನಿಟರ್, ಕಂಟ್ರೋಲರ್ ಎಲ್ಲಾ ಸೇರಿ ಆ 68,000ದ ಮೂರನೇ ಒಂದು ಭಾಗವೂ ಆಗುತ್ತಿರಲಿಲ್ಲ. 2025ರ ಕೊನೆಯಿಂದ ಮೆಮೊರಿ ಬೆಲೆ ಲೋಕಕ್ಕೆಲ್ಲ ಏರಿದೆ, ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಮೆಮೊರಿಯನ್ನೆಲ್ಲ ಬಾಚಿಕೊಳ್ಳುತ್ತಿವೆ. ಅದಕ್ಕೇ ಮೆಮೊರಿ ಒಳಗೇ ಇರುವ ಹಳೆ ಡಬ್ಬ ಇನ್ನೂ ಲಾಭ.

ಕೊಳ್ಳುವಾಗ ಕಣ್ಣು ತೆರೆದಿರಲಿ. 'ಐ7 ಇದೆ ಸಾರ್, ಐ7' ಅಂತ ಕೂಗಿ ಕರೆಯುತ್ತಾರೆ. ಐ7 ಅಂದ್ರೆ ಸಾಲದು, ಅದರ ಮುಂದಿನ ಅಂಕಿ ಓದಿ. ಐ7-2600 ಅಂದರೆ ಎರಡನೇ ತಲೆಮಾರು, 2011ರದ್ದು. ಐ5-6500 ಅಂದರೆ ಆರನೆಯದು. ಐ5-8500 ಅಂದರೆ ಎಂಟನೆಯದು, 2018ರದ್ದು, ಆರು ಕೋರ್. ಎವಿಎಕ್ಸ್2 ಎಂಬ ಒಂದು ಸೌಲಭ್ಯ ನಾಲ್ಕನೇ ತಲೆಮಾರಿನಿಂದ ಈಚೆಗಿನ ಕೋರ್ ಪ್ರೊಸೆಸರ್‌ಗಳಲ್ಲಿ ಮಾತ್ರ ಇದೆ, ಭಾರವಾದ ಎಮ್ಯುಲೇಟರ್‌ಗಳಿಗೆ ಅದರಿಂದ ಅನುಕೂಲ. ಆದ್ದರಿಂದ ಹಳೆ ಐ7ಗಿಂತ ಹೊಸ ಐ5 ಮೇಲು. ಹೆಸರು ನೋಡಿ ಹಸು ಕೊಳ್ಳಬಾರದು, ಹಲ್ಲು ನೋಡಿ ಕೊಳ್ಳಬೇಕು.

ಮುಚ್ಚಳ ತೆಗೆಸಿ ಒಳಗೆ ನೋಡಿ. ಅವರು ಗೊಣಗಿದರೂ ಬಿಡಬೇಡಿ. ಮೆಮೊರಿ 8 ಜಿಬಿ ಇದ್ದರೆ ಒಂದೇ ಕಡ್ಡಿಯೋ ಎರಡು 4 ಜಿಬಿ ಕಡ್ಡಿಗಳೋ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಚಿತ್ರ ಬಿಡಿಸೋ ಕೆಲಸವೂ ಅದೇ ಮೆಮೊರಿಯಿಂದ ಆಗುತ್ತೆ, ಎರಡು ಕಡ್ಡಿ ಇದ್ದರೆ ಎರಡು ದಾರಿಯಲ್ಲಿ ನೀರು ಹರಿದ ಹಾಗೆ ವೇಗ ಜಾಸ್ತಿ. ಡಿಸ್ಕ್ ಎಸ್‌ಎಸ್‌ಡಿ ಇರಲಿ, 256 ಜಿಬಿ ಸಾಕು. ಡಬ್ಬದಲ್ಲಿ ಎರಡು ಮೂರು ಗಾತ್ರ ಬರುತ್ತೆ. ಊಟದ ಬುತ್ತಿಯಷ್ಟು ಚಿಕ್ಕದು ಮುದ್ದಾಗಿ ಕಾಣುತ್ತೆ, ಆದರೆ ಅದರೊಳಗೆ ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕೋಕೆ ಜಾಗವೇ ಇಲ್ಲ. ತೆಳ್ಳಗಿನ ಮಧ್ಯಮ ಡಬ್ಬಕ್ಕೆ ಗಿಡ್ಡ ಕಾರ್ಡ್ ಮಾತ್ರ ಹಿಡಿಸುತ್ತೆ. ದೊಡ್ಡ ಟವರ್ ಸಿಕ್ಕರೆ ಅದನ್ನೇ ತಗೊಳ್ಳಿ, ಚೆಂದ ನೋಡಬೇಡಿ.

ಕಾರ್ಡ್ ವಿಷಯದಲ್ಲೂ ಒಂದು ಮೋಸ ಇದೆ. ಇಂಥ ಆಫೀಸ್ ಡಬ್ಬಗಳ ಪವರ್ ಸಪ್ಲೈ ಚಿಕ್ಕದು, ಸಾಮಾನ್ಯವಾಗಿ 180ರಿಂದ 290 ವ್ಯಾಟ್. ಕಾರ್ಡ್ ಕೂರೋ ಕಿಂಡಿಯಿಂದ ಗರಿಷ್ಠ 75 ವ್ಯಾಟ್ ಸಿಗುತ್ತೆ. ಬೇರೆ ವೈರ್ ಎಳೆಯಬೇಕಾದ ಕಾರ್ಡ್ ನಮಗೆ ಬೇಡ. 2017ರ ಜಿಟಿ 1030 ಕಾರ್ಡ್ 30 ವ್ಯಾಟ್‌ನಲ್ಲಿ ಮುಗಿಯುತ್ತೆ, ಪ್ಲೇಸ್ಟೇಷನ್ 2ಕ್ಕೆ ಅದು ಸಾಕು. ಆದರೆ ಅದೇ ಹೆಸರಿನಲ್ಲಿ ಎರಡು ಬಗೆ ಇದೆ. ಜಿಡಿಡಿಆರ್5 ಅಂತ ಬರೆದದ್ದು ಚುರುಕು, ಡಿಡಿಆರ್4 ಅಂತ ಬರೆದದ್ದು ಮಂದ. ಪೆಟ್ಟಿಗೆಯ ಮೇಲಿನ ಸಣ್ಣಕ್ಷರ ಓದದೆ ದುಡ್ಡು ಕೊಡಬೇಡಿ. ಮೊದಲು ಕಾರ್ಡ್ ಇಲ್ಲದೇ ಆಡಿ ನೋಡಿ, ಸಾಲದಿದ್ದರೆ ಆಮೇಲೆ ಹಾಕಿಸಿದರಾಯಿತು. ಎಷ್ಟೋ ಜನಕ್ಕೆ ಸಾಲುತ್ತೆ.

ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ ಫ್ಯಾನ್ ಸದ್ದು ಕೇಳಿ. ಎಲ್ಲಾ ಯುಎಸ್‌ಬಿ ಕಿಂಡಿಗೂ ಪೆನ್‌ಡ್ರೈವ್ ಹಾಕಿ ನೋಡಿ. ಬಿಲ್ ಮೇಲೆ ಯಂತ್ರದ ಸೀರಿಯಲ್ ನಂಬರ್ ಬರೆಸಿ, ವಾರಂಟಿ ಎಷ್ಟು ತಿಂಗಳು ಅಂತ ಬರೆಸಿ. ಬಾಯಿಮಾತಿನ ವಾರಂಟಿ ಬಸ್ ಹತ್ತಿದ ಮೇಲೆ ನಮ್ಮ ಜೊತೆ ಬರೋದಿಲ್ಲ.

ವಿಂಡೋಸ್ ವಿಷಯ ಹೇಳಲೇಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಅವರು ಒಪ್ಪೋದು ಇಂಟೆಲ್ ಎಂಟನೇ ತಲೆಮಾರಿನಿಂದ ಈಚೆಗಿನದನ್ನು. ಅದಕ್ಕೇ ಆರು ಏಳನೇ ತಲೆಮಾರಿನ ಡಬ್ಬಗಳು ಈಗ ರಾಶಿ ರಾಶಿ ಹೊರಬೀಳುತ್ತಿವೆ, ಬೆಲೆಯೂ ಇಳಿದಿದೆ. ಆಫೀಸಿನವರಿಗೆ ಅದು ತೊಂದರೆ, ನಮಗೆ ಅದೃಷ್ಟ! ಲಿನಕ್ಸ್ ಮಿಂಟ್ ಹಾಕಿಕೊಂಡರೆ ಓದು ಬರಹ, ಇಂಟರ್ನೆಟ್ಟು ಎಲ್ಲಾ ನಡೆಯುತ್ತೆ, ದುಡ್ಡೂ ಇಲ್ಲ. ಆಟಕ್ಕೆ ಬಟೊಸೆರಾ ಅಂತ ಇದೆ, ಅದೂ ಉಚಿತ. ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ಪೆನ್‌ಡ್ರೈವಿನಿಂದಲೇ ಕಂಪ್ಯೂಟರ್ ಶುರು ಮಾಡಬಹುದು. ಒಳಗಿನ ಡಿಸ್ಕಿಗೆ ಏನೂ ಆಗೋದಿಲ್ಲ. ಪೆನ್‌ಡ್ರೈವ್ ಕಿತ್ತರೆ ಅದು ಓದುವ ಕಂಪ್ಯೂಟರ್, ಸಿಕ್ಕಿಸಿದರೆ ಆಟದ ಕಂಪ್ಯೂಟರ್. ಪೆನ್‌ಡ್ರೈವ್ ಅಮ್ಮನ ಬೀರುವಿನಲ್ಲಿ ಇದ್ದರೆ ಪರೀಕ್ಷೆ ಸಮಯದಲ್ಲಿ ಜಗಳವೇ ಇಲ್ಲ. (ಇದನ್ನು ಬರೆದದ್ದಕ್ಕೆ ಕೆಲವರು ನನ್ನ ಮೇಲೆ ಸಿಟ್ಟಾಗಬಹುದು.)

ಈಗ ಕೈಗೆ ಬರೋಣ. ಕಾಂಟ್ರಾದಲ್ಲಿ ಓಡುತ್ತಾ, ಹಾರುತ್ತಾ, ಗುಂಡು ಹೊಡೆಯಬೇಕು, ಅಂದರೆ ಮೂರು ಗುಂಡಿ ಒಟ್ಟಿಗೆ. ಮಾಮೂಲಿ ಆಫೀಸ್ ಕೀಬೋರ್ಡಿನಲ್ಲಿ ಕೆಲವು ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ಮೂರನೆಯದು ಕೇಳಿಸೋದೇ ಇಲ್ಲ. ಒಳಗಿನ ತಂತಿ ಅಡ್ಡ ಸಾಲು ಉದ್ದ ಸಾಲಾಗಿ ಹೆಣೆದಿರುತ್ತಾರೆ, ಮೂರು ಒತ್ತಿದಾಗ ಯಾವುದು ನಿಜ ಯಾವುದು ಸುಳ್ಳು ಅಂತ ಅದಕ್ಕೆ ತಿಳಿಯಲ್ಲ. ನೀವು ಸತ್ತದ್ದು ನಿಮ್ಮ ತಪ್ಪಿನಿಂದಲ್ಲ, ಕೀಬೋರ್ಡಿನಿಂದ. ಅದಕ್ಕೇ ಮೊದಲ ಖರ್ಚು ಕಂಟ್ರೋಲರ್. ವೈರ್ ಇರೋದೇ ತಗೊಳ್ಳಿ. ಬ್ಯಾಟರಿ ಚಾರ್ಜ್ ಮಾಡೋ ಗೋಜಿಲ್ಲ, ಕರೆಂಟು ಯಾವಾಗ ಇರುತ್ತೋ ಯಾವಾಗ ಹೋಗುತ್ತೋ ಅನ್ನೋ ಊರಲ್ಲಿ ಅದೇ ಕ್ಷೇಮ. ಎಕ್ಸ್‌ಬಾಕ್ಸ್ ಬಗೆಯದು, ಎಕ್ಸ್‌ಇನ್‌ಪುಟ್ ಅಂತ ಬರೆದದ್ದು ಆದರೆ ಸಿಕ್ಕಿಸಿದ ಕೂಡಲೇ ಕೆಲಸ ಮಾಡುತ್ತೆ. ರೆಡ್‌ಗೇರ್, ಕಾಸ್ಮಿಕ್ ಬೈಟ್, ಇವೊಫಾಕ್ಸ್, ಇಂಥ ಹೆಸರಿನವು ಕಡಿಮೆ ಬೆಲೆಗೆ ಸಿಗುತ್ತವೆ. ಅಂಗಡಿಯಲ್ಲಿ ಎಡಗಡೆಯ ಪ್ಲಸ್ ಆಕಾರದ ಗುಂಡಿಯನ್ನು ಒತ್ತಿ ನೋಡಿ. ಬಲಕ್ಕೆ ಒತ್ತಿದರೆ ಮೇಲಕ್ಕೂ ಒಟ್ಟಿಗೆ ಹೋಗುವಂಥದ್ದು ಮಾರಿಯೋಗೆ ಪ್ರಯೋಜನ ಇಲ್ಲ. ಹಳೆ ಆಟಗಳ ಜೀವ ಇರೋದು ಆ ಪ್ಲಸ್ ಗುಂಡಿಯಲ್ಲಿ. ದುಡ್ಡು ಉಳಿದಿದ್ದರೆ ಎರಡು ಕಂಟ್ರೋಲರ್ ತಗೊಳ್ಳಿ, ತಂಗಿಗೂ ಒಂದು. ಕಾಂಟ್ರಾ ಇಬ್ಬರ ಆಟ.

ಮಾನಿಟರ್‌ಗೆ ತಲೆ ಕೆಡಿಸಿಕೊಳ್ಳಬೇಡಿ. 144 ಹರ್ಟ್ಸ್, 165 ಹರ್ಟ್ಸ್ ಅಂತ ಹೇಳಿ ಮಾರುತ್ತಾರೆ. ಹಳೆ ಆಟಗಳು ಸೆಕೆಂಡಿಗೆ ಹೆಚ್ಚೆಂದರೆ 60 ಚಿತ್ರ ತೋರಿಸೋಕೆ ಅಂತಲೇ ಮಾಡಿದವು. ಎಸ್.ಪಿ. ರೋಡಿನಲ್ಲಿ ಯಾರೂ ಕೇಳದೆ ಬಿದ್ದಿರುವ 17 ಇಂಚಿನ ಚೌಕದ ಹಳೆ ಎಲ್‌ಸಿಡಿ ಈ ಆಟಗಳಿಗೆ ಹೇಳಿ ಮಾಡಿಸಿದ ಹಾಗಿದೆ, ಯಾಕೆಂದರೆ ಆ ಕಾಲದ ಟಿವಿಯೂ ಹೆಚ್ಚುಕಡಿಮೆ ಅದೇ ಆಕಾರ. ಅಗಲ ಪರದೆಯಲ್ಲಿ ಎರಡು ಕಡೆ ಕಪ್ಪು ಪಟ್ಟಿ ಬರುತ್ತೆ, ಇಲ್ಲಾಂದ್ರೆ ಮಾರಿಯೋ ಉಬ್ಬಿದ ಹಾಗೆ ಕಾಣ್ತಾನೆ. ಮನೆಯ ಟಿವಿಗೇ ಎಚ್‌ಡಿಎಂಐ ಹಾಕಿ ಆಡ್ತೀವಿ ಅನ್ನೋರು ಟಿವಿಯಲ್ಲಿ ಗೇಮ್ ಮೋಡ್ ಅನ್ನೋದನ್ನು ಹಾಕಿಕೊಳ್ಳಿ. ಟಿವಿ ತಾನು ಚಿತ್ರವನ್ನು ಚೆಂದ ಮಾಡೋಕೆ ಹೋಗಿ ತಡ ಮಾಡುತ್ತೆ, ನೀವು ಗುಂಡಿ ಒತ್ತಿ ಅವನು ಹಾರೋಷ್ಟರಲ್ಲಿ ಗುಂಡಿಗೆ ಬಿದ್ದಿರುತ್ತಾನೆ.

ಯುಪಿಎಸ್ ಬೇಕೇ ಬೇಕು, 600 ವಿಎ ಸಾಕು. ನಗರದವರು ಇದನ್ನು ಹೇಳೋದಿಲ್ಲ. ನಮ್ಮಲ್ಲಿ ಪಂಪ್‌ಸೆಟ್ ಶುರುವಾದ ಕೂಡಲೇ ಬಲ್ಬ್ ಕಣ್ಣು ಮುಚ್ಚುತ್ತೆ. ಇಂಥ ಡಬ್ಬ ಮತ್ತು ಮಾನಿಟರ್ ಸೇರಿ 100 ವ್ಯಾಟ್ ಅಂತ ಇಟ್ಟುಕೊಂಡರೂ ಹತ್ತು ಗಂಟೆಗೆ ಒಂದು ಯೂನಿಟ್. ಕರೆಂಟ್ ಬಿಲ್ಲಿನ ಭಯ ಹೇಳೋ ಅಪ್ಪಂದಿರಿಗೆ ಈ ಲೆಕ್ಕ ತೋರಿಸಬಹುದು. ಗೇಮಿಂಗ್ ಕುರ್ಚಿಯ ಬಗ್ಗೆ ನಾನು ಬರೆಯೋದಿಲ್ಲ. ಮನೆಯಲ್ಲಿ ಕುರ್ಚಿ ಇದೆ.

ಕೊನೆಗೆ ಕಷ್ಟದ ಮಾತು. ಆಟ ಎಲ್ಲಿಂದ ತರೋದು? ಎಮ್ಯುಲೇಟರ್ ಇಟ್ಟುಕೊಳ್ಳುವುದು ಅಪರಾಧ ಅಲ್ಲ. 2000ದಲ್ಲಿ ಅಮೆರಿಕದ ನ್ಯಾಯಾಲಯವೊಂದು ಸೋನಿ ಮತ್ತು ಕನೆಕ್ಟಿಕ್ಸ್ ಕಂಪನಿಗಳ ಮೊಕದ್ದಮೆಯಲ್ಲಿ ಪ್ಲೇಸ್ಟೇಷನ್ ಎಮ್ಯುಲೇಟರ್ ಮಾಡಿದವರ ಪರವಾಗಿ ತೀರ್ಪು ಕೊಟ್ಟಿತು. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕ್ರಮವಾಗಿ ಕೊಂಡ ಕಂಪ್ಯೂಟರ್ ತಂತ್ರಾಂಶ ಹಾಳಾಗದಿರಲಿ ಅಂತ ತಾತ್ಕಾಲಿಕ ರಕ್ಷಣೆಗೆ ಪ್ರತಿ ಮಾಡಿಟ್ಟುಕೊಳ್ಳಬಹುದು. ಆದರೆ ಬೇರೆಯವರ ಆಟವನ್ನು ಸುಮ್ಮನೆ ನಕಲು ಇಳಿಸಿಕೊಳ್ಳೋದಕ್ಕೆ ಅದು ಅನುಮತಿ ಅಲ್ಲ. ನನಗೆ ಇದರಲ್ಲಿ ಎರಡು ಮನಸ್ಸಿದೆ. ಮೂವತ್ತು ವರ್ಷದ ಹಿಂದಿನ ಎಷ್ಟೋ ಆಟಗಳನ್ನು ಈಗ ಯಾರೂ ಮಾರುವುದೇ ಇಲ್ಲ, ಕೊಳ್ಳೋಣ ಅಂದರೂ ಸಿಗಲ್ಲ. ಹಾಗಂತ ಮಾಡಿದವರ ಹಕ್ಕು ತೀರಿಹೋಯಿತೇ? ಗುರುಗಳು ಯಾರಾದರೂ ಮುಂದಿನ ಸಂಚಿಕೆಯಲ್ಲಿ ಬರೆದರೆ ಓದುತ್ತೇನೆ. ಒಂದು ಮಾತ್ರ ಖಚಿತವಾಗಿ ಹೇಳಬಲ್ಲೆ. 'ಹತ್ತು ಸಾವಿರ ಆಟ ತುಂಬಿದ ಹಾರ್ಡ್ ಡಿಸ್ಕ್' ಅಂತ ಮಾರುತ್ತಾರಲ್ಲ, ಅದನ್ನು ಕೊಳ್ಳಬೇಡಿ. ಆಟ ಮಾಡಿದವರಿಗೆ ಅದರಲ್ಲಿ ಒಂದು ಪೈಸೆಯೂ ಹೋಗಲ್ಲ, ನಕಲು ಮಾಡಿದವನ ಜೇಬಿಗೆ ಹೋಗುತ್ತೆ, ಜೊತೆಗೆ ವೈರಸ್ ಉಚಿತ. ಹತ್ತು ಸಾವಿರ ಆಟ ಯಾರು ಆಡ್ತಾರೆ? ಟಿವಿ ಗೇಮ್ ಕ್ಯಾಸೆಟ್ ಮೇಲೆ '9999 ಆಟ' ಅಂತ ಬರೆದು ಒಳಗೆ ಅವವೇ ಏಳೆಂಟು ತಿರುಗಿ ತಿರುಗಿ ಬರ್ತಿದ್ದವು ಅಂತ ಮಾವ ಈಗಲೂ ನಗ್ತಾರೆ.

ಕಾನೂನಿನ ತಕರಾರೇ ಇಲ್ಲದೆ ಆಡುವ ಆಟಗಳೂ ಇವೆ. 2017ರ ಟೋಬು ಟೋಬು ಗರ್ಲ್ ಗೇಮ್ ಬಾಯ್‌ಗಾಗಿ ಮಾಡಿದ್ದು, ಮಾಡಿದವರೇ ಉಚಿತವಾಗಿ ಕೊಟ್ಟಿದ್ದಾರೆ. 2019ರ ಮೈಕ್ರೋ ಮೇಜಸ್ ಹಳೆ ನಿಂಟೆಂಡೊಗೆ ಹೊಸದಾಗಿ ಬರೆದದ್ದು, ದುಡ್ಡು ಕೊಟ್ಟು ಕೊಳ್ಳಬೇಕು, ಅದೂ ಮಾರಿಯೋ ಹಾಗೇ 40 ಕಿಲೋಬೈಟ್. ಗುರುಗಳಿಗೆ ಕಾಲೇಜಿನ ಕಂಪ್ಯೂಟರಿನಲ್ಲಿ ನೋಡಿದ ಪ್ರಿನ್ಸ್ ಆಫ್ ಪರ್ಷಿಯಾ ನೆನಪಿರಬಹುದು. 1989ರ ಆ ಆಟ ಬರೆದ ಜೋರ್ಡನ್ ಮೆಕ್ನರ್ ಕಳೆದುಹೋಗಿದ್ದ ಫ್ಲಾಪಿಗಳು ಸಿಕ್ಕ ಮೇಲೆ 2012ರಲ್ಲಿ ಅದರ ಮೂಲ ಬರಹವನ್ನೇ ಎಲ್ಲರೂ ಓದಲಿ ಅಂತ ಬಿಚ್ಚಿಟ್ಟರು. ಇನ್ನೊಂದು, ಜಿಬಿ ಸ್ಟುಡಿಯೋ ಎಂಬ ಉಚಿತ ತಂತ್ರಾಂಶ 2019ರಿಂದ ಇದೆ. ಅದರಲ್ಲಿ ಚಿತ್ರ ಜೋಡಿಸಿ ನಾವೇ ಗೇಮ್ ಬಾಯ್ ಆಟ ಮಾಡಬಹುದು. ಚಂದ್ರಿಕೆಯಿಂದ ಚಂದ್ರಿಕೆಗೆ ಹಾರೋ ಹುಳುವಿನ ಆಟ ನನ್ನ ತಲೆಯಲ್ಲಿದೆ. ಇದಕ್ಕೂ ಅದೇ ಆಫೀಸ್ ಡಬ್ಬ ಸಾಕು.

ಮುಖ್ಯೋಪಾಧ್ಯಾಯರಲ್ಲಿ ನನ್ನ ಒಂದು ವಿನಂತಿ. ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಕಿಟಕಿ ಪಕ್ಕದ ಮೂರನೇ ಯಂತ್ರ ನಾಲ್ಕನೇ ತಲೆಮಾರಿನ ಐ5, ಮೇಲೆ ಅಂಟಿಸಿದ ಚೀಟಿ ಓದಿ ನೋಡಿದ್ದೇನೆ. ಬಟೊಸೆರಾ ಹಾಕಿದ ಪೆನ್‌ಡ್ರೈವ್, ಮೇಲೆ ಹೇಳಿದ ಉಚಿತ ಆಟ, ಮಾವ ಕೊಡಿಸಿದ ಒಂದು ಕಂಟ್ರೋಲರ್ ನನ್ನ ಹತ್ತಿರ ಇವೆ. ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕೋಣೆಯ ಬೀಗ ತೆಗೆಸಿಕೊಟ್ಟರೆ, ಕಂಪ್ಯೂಟರ್ ಕೊಡಿಸಬೇಕು ಅಂತಿರುವ ನಾಲ್ಕು ಮನೆಯ ಅಪ್ಪ ಅಮ್ಮಂದಿರು ಬಂದು ನೋಡಬಹುದು. ಯಂತ್ರದ ಡಿಸ್ಕ್ ಮುಟ್ಟುವುದಿಲ್ಲ. ಮೊದಲನೇ ಸರದಿ ಯಾರಿಗೆ ಅಂತ ಹೆಸರು ಬರೆಯೋಕೆ ಈ ಹಾಳೆಯ ಕೆಳಗೆ ಜಾಗ ಬಿಟ್ಟಿದ್ದೇನೆ. ಪೆನ್ಸಿಲ್‌ನಲ್ಲಿ ಬರೆಯಿರಿ.